ಗುಂಪು ಕಟ್ಟದೆ ಒಬ್ಬಂಟಿಯಾಗಿ ಆಡಿ ‘ಸರ್ವೈವರ್’ ಗೆಲ್ಲಬಹುದೇ?

‘ಸರ್ವೈವರ್’ನಂಥ ರಿಯಾಲಿಟಿ ಸ್ಪರ್ಧೆಯಲ್ಲಿ ಗುಂಪು ಕಟ್ಟಿಕೊಳ್ಳುವುದು ಮೋಸವಲ್ಲವೇ, ಯಾರ ಹಂಗಿಗೂ ಬೀಳದೆ ನೇರವಾಗಿ ಆಡಿದವರಿಗೆ ಅಲ್ಲಿ ಗೆಲುವಿಲ್ಲವೇ ಎಂದು ನೀವು ಕೇಳಿದ್ದೀರಿ. ಈ ಆಟದ ಅಮೆರಿಕನ್ ಆವೃತ್ತಿಯನ್ನು, ಯಾರು ಯಾರ ವಿರುದ್ಧ ಮತ ಹಾಕಿದರು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವಷ್ಟು ಹುಚ್ಚಿನಿಂದ ನೋಡಿದವನು ನಾನು. ಸ್ಪರ್ಧಿಗಳನ್ನು ಮನೆಗೆ ಕಳಿಸುವ ಮತ ಸ್ಪರ್ಧಿಗಳ ಕೈಯಲ್ಲೇ ಇರುವ ಆಟದಲ್ಲಿ ಗುಂಪಿಲ್ಲದೆ ಗೆಲ್ಲುವುದು ಹೆಚ್ಚುಕಡಿಮೆ ಅಸಾಧ್ಯ ಎಂಬುದು ನನ್ನ ಉತ್ತರ. ಆದರೆ ಗುಂಪು ಕಟ್ಟುವುದು ಸುಲಭದ ಕೆಲಸ. ಅದು ಯಾವಾಗ, ಯಾರ ಕೈಯಿಂದ ಮುರಿಯಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಇದು ಸ್ಪರ್ಧಿಗಳ ಗುಣಕ್ಕಿಂತ ನಿಯಮಕ್ಕೆ ಸಂಬಂಧಿಸಿದ ವಿಷಯ. ನಮ್ಮ ‘ಬಿಗ್ ಬಾಸ್’ನಂಥದ್ದೇ ಆದ ಅಮೆರಿಕದ ‘ಬಿಗ್ ಬ್ರದರ್’ನ 2000ನೇ ಇಸವಿಯ ಮೊದಲ ಸೀಸನ್‌ನಲ್ಲಿ ಯಾರು ಹೊರಹೋಗಬೇಕೆಂದು ವೀಕ್ಷಕರು ತೀರ್ಮಾನಿಸುತ್ತಿದ್ದರು. ವೀಕ್ಷಕರ ಕಣ್ಣಿಗೆ ಒಳ್ಳೆಯವರಾಗಿ ಕಾಣಬೇಕಾದಾಗ ಮೂಲೆಯಲ್ಲಿ ಕುಳಿತು ಸಂಚು ಮಾಡುವವನಿಗೆ ಲಾಭವಿಲ್ಲ. ಮರುವರ್ಷ ಆ ಮತವನ್ನು ಮನೆಯೊಳಗಿದ್ದವರಿಗೇ ಕೊಟ್ಟರು. ಕೂಡಲೇ ಗುಂಪುಗಳು ಹುಟ್ಟಿಕೊಂಡವು, ಮತ್ತು ಒಮ್ಮೆಯೂ ಮನೆಯ ನಾಯಕನಾಗದ ವಿಲ್ ಕರ್ಬಿ ಕೇವಲ ಮಾತಿನ ಬಲದಿಂದ ಆ ಸೀಸನ್ ಗೆದ್ದರು. ಕಾರ್ಯಕ್ರಮ ಅದೇ, ದೇಶವೂ ಅದೇ. ಬದಲಾದದ್ದು ಮತಪೆಟ್ಟಿಗೆಯ ಜಾಗ ಮಾತ್ರ.

ಈಗ ‘ಸರ್ವೈವರ್’ಗೆ ಬರೋಣ. 2000ದಲ್ಲಿ ಬೋರ್ನಿಯೋ ಬಳಿಯ ದ್ವೀಪವೊಂದರಲ್ಲಿ ನಡೆದ ಮೊದಲ ಸೀಸನ್‌ನಲ್ಲಿ 16 ಜನರಿದ್ದರು, 39 ದಿನಗಳ ಆಟ, ಗೆದ್ದವರಿಗೆ ಹತ್ತು ಲಕ್ಷ ಡಾಲರ್. ತಾಗಿ ಮತ್ತು ಪಾಗಾಂಗ್ ಎಂಬ ಎರಡು ತಂಡಗಳಿಂದ ಐದೈದು ಜನ ಉಳಿದಾಗ ಎರಡನ್ನೂ ಒಂದು ಮಾಡಲಾಯಿತು. ತಾಗಿಯ ರಿಚರ್ಡ್ ಹ್ಯಾಚ್, ರೂಡಿ, ಸ್ಯೂ ಮತ್ತು ಕೆಲ್ಲಿ ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರು. ಪಾಗಾಂಗ್‌ನವರಿಗೆ ಗುಂಪುಗಾರಿಕೆ ಎಂದರೆ ಅಸಹ್ಯ. ನೀವು ಮೆಚ್ಚುವಂತೆ, ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಬಂದಂತೆ ಮತ ಹಾಕಿದರು. ಹತ್ತು ಮತಗಳಲ್ಲಿ ನಾಲ್ಕು ಗ್ರೆಚೆನ್ ಹೆಸರಿಗೆ ಬಿದ್ದವು, ಉಳಿದವು ಚೆಲ್ಲಾಪಿಲ್ಲಿಯಾದವು, ಗ್ರೆಚೆನ್ ಗಂಟುಮೂಟೆ ಕಟ್ಟಿದರು. ಬಹುಮತವೆಂದರೆ ಅರ್ಧಕ್ಕಿಂತ ಹೆಚ್ಚು ಎಂದು ನಾವು ತಿಳಿದಿರುತ್ತೇವೆ, ಆದರೆ ಆರು ಜನ ಆರು ದಿಕ್ಕಿಗೆ ನೋಡುತ್ತಿರುವಾಗ ನಾಲ್ಕೇ ಸಾಕು. ಆಮೇಲೆ ಪಾಗಾಂಗ್‌ನವರು ಒಬ್ಬರ ಹಿಂದೊಬ್ಬರು ಹೊರನಡೆದರು.

ಅದೇ ಸೀಸನ್‌ನಲ್ಲಿ ಯಾರಿಗೂ ನೋವಾಗಬಾರದೆಂದು ಹೆಸರುಗಳ ಅಕ್ಷರಮಾಲೆಯ ಕ್ರಮದಲ್ಲಿ ಮತ ಹಾಕುತ್ತೇನೆಂದು ಹೇಳಿಕೊಂಡ ಷಾನ್ ಎಂಬ ವೈದ್ಯರೂ ಇದ್ದರು. ನಿಷ್ಪಕ್ಷಪಾತವೆಂದರೆ ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಅವರ ಮುಂದಿನ ಮತ ಯಾರಿಗೆಂದು ಎಲ್ಲರಿಗೂ ಗೊತ್ತಿದ್ದುದರಿಂದ, ಆ ನಾಲ್ವರು ತಮ್ಮ ಮತವನ್ನು ಅದಕ್ಕೆ ಹೊಂದಿಸಿಕೊಂಡರಾಯಿತು, ಕೇಳದೆಯೇ ಐದನೆಯ ಮತ ಸಿಗುತ್ತಿತ್ತು. ಗುಂಪಿಗೆ ಸೇರದವನು ಸ್ವತಂತ್ರನಾಗಿ ಉಳಿಯುವುದಿಲ್ಲ, ಬೇರೆಯವರ ಲೆಕ್ಕದೊಳಗಿನ ಒಂದು ಅಂಕಿಯಾಗುತ್ತಾನೆ. ನನ್ನ ಮಟ್ಟಿಗೆ ಗುಂಪಿನ ನಿಜವಾದ ಪ್ರಯೋಜನ ಇರುವುದು ಮತಗಳ ಸಂಖ್ಯೆಯಲ್ಲಿ ಅಲ್ಲ, ಸುದ್ದಿಯಲ್ಲಿ: ಇವತ್ತು ರಾತ್ರಿ ಯಾರ ಹೆಸರು ಓಡುತ್ತಿದೆ ಎಂದು ಸಂಜೆಯೊಳಗೆ ಕಿವಿಗೆ ಬೀಳದಿದ್ದರೆ, ಓಡುತ್ತಿರುವುದು ನಿಮ್ಮದೇ ಹೆಸರಾಗಿರುವ ಸಂಭವ ಹೆಚ್ಚು.

ಈ ಸುದ್ದಿಯ ಜಾಲದಿಂದ ಹೊರಗುಳಿದವನ ಪಾಡು ಏನಾಗುತ್ತದೆಂಬುದಕ್ಕೆ 2008ರ ಮೈಕ್ರೋನೇಷ್ಯಾ ಸೀಸನ್ ನೋಡಿ. ಐವರು ಉಳಿದಿದ್ದರು, ನಾಲ್ವರು ಹೆಂಗಸರು ಮತ್ತು ಎರಿಕ್ ಎಂಬ ಹುಡುಗ. ಇಮ್ಯೂನಿಟಿಯ ಹಾರ ಎರಿಕ್ ಕೊರಳಲ್ಲೇ ಇತ್ತು, ಅದನ್ನು ಧರಿಸಿದವನ ವಿರುದ್ಧ ಯಾರೂ ಮತ ಹಾಕುವಂತಿರಲಿಲ್ಲ. ಅದನ್ನು ತಮ್ಮಲ್ಲೊಬ್ಬರಾದ ನಟಾಲಿ ಬೋಲ್ಟನ್‌ಗೆ ಬಿಟ್ಟುಕೊಟ್ಟರೆ ಜ್ಯೂರಿಯ (ಹೊರಹೋಗಿ, ಕೊನೆಗೆ ಗೆದ್ದವರನ್ನು ಆರಿಸುವ ಸ್ಪರ್ಧಿಗಳ) ಕಣ್ಣಲ್ಲಿ ನಿನ್ನ ಮೇಲಿನ ಕಳಂಕ ತೊಳೆದುಹೋಗುತ್ತದೆ ಎಂದು ಆ ಹೆಂಗಸರು ಅವನನ್ನು ನಂಬಿಸಿದರು. ಮತ ಹಾಕುವ ಸಭೆಯಲ್ಲಿ ಎಲ್ಲರೆದುರು ಅವನು ಹಾರ ತೆಗೆದು ಕೊಟ್ಟ, ನಾಲ್ಕೂ ಮತ ಅವನ ಮೇಲೆಯೇ ಬಿದ್ದವು. ಹಿಂದೆ ಕುಳಿತಿದ್ದ ಜ್ಯೂರಿಯವರು ಬಾಯಿಗೆ ಕೈ ಇಟ್ಟುಕೊಂಡಿದ್ದರು. ಎಷ್ಟು ಸಲ ನೋಡಿದರೂ ಆ ದೃಶ್ಯದಲ್ಲಿ ಇನ್ನೊಮ್ಮೆ ಯೋಚಿಸು ಮಾರಾಯ ಎಂದು ನನ್ನ ಬಾಯಿಂದ ಬಂದೇ ಬರುತ್ತದೆ.

ಮೋಸವಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ನಿಯಮ ಉತ್ತರಿಸುವುದಿಲ್ಲ, ಜ್ಯೂರಿ ಉತ್ತರಿಸುತ್ತದೆ. ನೀವು ಯಾರನ್ನು ಹೊರಗೆ ಕಳಿಸಿದಿರೋ ಅವರೇ ಕೊನೆಯಲ್ಲಿ ಬಹುಮಾನ ಯಾರಿಗೆಂದು ತೀರ್ಮಾನಿಸುತ್ತಾರೆ, ಮತ್ತು ಅವರು ಸುಳ್ಳನ್ನು ಕ್ಷಮಿಸಿದಷ್ಟು ಸುಲಭವಾಗಿ ಅವಮಾನವನ್ನು ಕ್ಷಮಿಸುವುದಿಲ್ಲ. ರಸೆಲ್ ಹ್ಯಾಂಟ್ಸ್ ಎಂಬ ಸ್ಪರ್ಧಿ 2009ರಲ್ಲಿ ಎಲ್ಲರನ್ನೂ ಆಡಿಸಿ ಫೈನಲ್ ತಲುಪಿ ನಟಾಲಿ ವೈಟ್ ಎದುರು 7–2ರಲ್ಲಿ ಸೋತರು. ಮರುವರ್ಷವೂ ಫೈನಲ್ ತಲುಪಿದರು, ಆಗ ಅವರಿಗೆ ಬಿದ್ದ ಮತ ಸೊನ್ನೆ. ಗೆದ್ದವರು ಸಾಂಡ್ರಾ ಡಯಾಜ್-ಟ್ವೈನ್. ಹೊರಹೋಗುವುದು ತಾನಲ್ಲದಿದ್ದರೆ ಯಾರಾದರೂ ಆಗಲಿ ಎಂಬಷ್ಟೇ ಅವರ ತಂತ್ರ, ಅದರಿಂದಲೇ ಅವರು ಎರಡು ಸಲ ಗೆದ್ದರು.

ಆದರೂ ಗುಂಪನ್ನು ಮುರಿಯುವ ಕಲೆಗೆ ನಾನು ಇಂದಿಗೂ ಮೊದಲ ಸೀಸನ್‌ನ ಕೊನೆಯ ದಿನಗಳನ್ನೇ ತೋರಿಸುತ್ತೇನೆ. ನಾಲ್ವರು ಉಳಿದಾಗ ರಿಚರ್ಡ್ ಮತ್ತು ಸ್ಯೂ ನಡುವೆ ಮತಗಳು ಸಮವಾದವು. ಎರಡನೇ ಸುತ್ತಿನಲ್ಲಿ ಕೆಲ್ಲಿ ತಮ್ಮ ಮತ ಬದಲಿಸಿ, ಒಂದು ಕಾಲದ ಆಪ್ತಗೆಳತಿ ಸ್ಯೂ ಅವರನ್ನು ಹೊರಕ್ಕೆ ಕಳಿಸಿದರು. ಮೂವರಾದಾಗ ಕೊನೆಯ ಟಾಸ್ಕ್: ಕಂಬದ ಮೇಲಿನ ವಿಗ್ರಹದಿಂದ ಕೈ ತೆಗೆಯದೆ ನಿಲ್ಲಬೇಕು, ಗೆದ್ದವರು ಉಳಿದಿಬ್ಬರಲ್ಲಿ ಒಬ್ಬರನ್ನು ಹೊರಹಾಕಿ ಇನ್ನೊಬ್ಬರೊಡನೆ ಫೈನಲ್‌ಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿನ ಬಳಿಕ ರಿಚರ್ಡ್ ತಾವಾಗಿಯೇ ಕೈ ತೆಗೆದು ಕೆಳಗಿಳಿದರು. ಅವರ ಲೆಕ್ಕ ಹೀಗಿತ್ತು: ತಾನು ಗೆದ್ದರೆ, ಎಲ್ಲರಿಗೂ ಪ್ರಿಯನಾದ ರೂಡಿಯನ್ನು ಜೊತೆಗೆ ಕರೆದೊಯ್ದು ಫೈನಲ್‌ನಲ್ಲಿ ಸೋಲಬೇಕು, ಇಲ್ಲವೇ ಕೊಟ್ಟ ಮಾತು ಮುರಿದು ರೂಡಿಯ ಮತ ಕಳೆದುಕೊಳ್ಳಬೇಕು, ಕೆಲ್ಲಿ ಗೆದ್ದರೆ ಆ ಪಾಪ ಅವರ ತಲೆಗೆ. ನಿಲುವು ಬದಲಿಸುವಾಗ ರೂಡಿಯ ಕೈ ಅರಿವಿಲ್ಲದೆ ವಿಗ್ರಹದಿಂದ ಜಾರಿತು, ಕೆಲ್ಲಿ ಗೆದ್ದರು, ರೂಡಿಯನ್ನು ಕೆಲ್ಲಿಯೇ ಹೊರಹಾಕಿದರು.

ಏಳು ಜನರ ಜ್ಯೂರಿಯಲ್ಲಿ ರಿಚರ್ಡ್ ಗೆದ್ದದ್ದು 4–3ರಿಂದ. ಸ್ಯೂ ತಮ್ಮ ಭಾಷಣದಲ್ಲಿ ಒಬ್ಬರನ್ನು ಹಾವು, ಇನ್ನೊಬ್ಬರನ್ನು ಇಲಿ ಎಂದು ಇಬ್ಬರನ್ನೂ ಜಾಡಿಸಿ, ಕೊನೆಗೆ ಮತ ಹಾಕಿದ್ದು ಹಾವಾದ ರಿಚರ್ಡ್‌ಗೆ. ರೂಡಿಯ ಮತವೂ ಅವರಿಗೇ ಬಂತು. ಕೆಲ್ಲಿ ತಮ್ಮ ಕೈಯಾರೆ ಹೊರಗೆ ಕಳಿಸಿದ್ದು ಆ ಇಬ್ಬರನ್ನೇ.