ಹಸಿವಾಗುವ ಮುಂಚೆಯೇ ತಿನ್ನಿ ಮೇಷ್ಟ್ರೇ

ಪ್ರಶ್ನೆ: ಮೇಡಂ, ನಾನು 46 ವರ್ಷದ ಶಾಲಾ ಶಿಕ್ಷಕ. ದಸರಾ ರಜೆಯಲ್ಲಿ ಶಿವಮೊಗ್ಗದಿಂದ ಹೊರಟು, ಆಗುಂಬೆ ಘಾಟಿ ಇಳಿದು, ಉಡುಪಿಯಿಂದ ಕರಾವಳಿ ಹೆದ್ದಾರಿ ಹಿಡಿದು ಕಾರವಾರದವರೆಗೆ ಒಬ್ಬನೇ ಸೈಕಲ್‌ನಲ್ಲಿ ಹೋಗುವ ಆಸೆ. ತಾಲೀಮಿಗೆಂದು ತೀರ್ಥಹಳ್ಳಿಗೆ ಹೋಗಿಬಂದೆ. ಬೆಳಿಗ್ಗೆ ಎರಡು ದೋಸೆ ತಿಂದವನು ಆಮೇಲೆ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ, ಹಸಿವೇ ಇರಲಿಲ್ಲ. ವಾಪಸು ಬರುವಾಗ ಮಂಡಗದ್ದೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಾಲು ಸೋತವು, ಕೈ ನಡುಗಿತು, ವಿನಾಕಾರಣ ಅಳು ಬಂತು. ಗೂಡಂಗಡಿಯಲ್ಲಿ ಬನ್ನು ತಿಂದು, ಸಿಹಿ ಚಹಾ ಕುಡಿದ ಕಾಲು ಗಂಟೆಗೆ ಸರಿಹೋದೆ. ಇದು ವಯಸ್ಸಿನ ದೋಷವೇ? ಪ್ರೋಟೀನ್ ಪುಡಿ ಬೇಕೇ?
– ಶಿಕ್ಷಕ, ಶಿವಮೊಗ್ಗ

ಉತ್ತರ: ವಯಸ್ಸಿನ ದೋಷವಾಗಿದ್ದರೆ ಒಂದು ಬನ್ನಿಗೆ ವಾಸಿಯಾಗುತ್ತಿರಲಿಲ್ಲ ಮೇಷ್ಟ್ರೇ. ಅಂದು ನಿಮ್ಮಲ್ಲಿ ಸಕ್ಕರೆ ಮುಗಿದಿತ್ತು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಆಗಿ ಕೂಡಿಟ್ಟಿರುವುದು ಸುಮಾರು 400ರಿಂದ 500 ಗ್ರಾಂ ಮಾತ್ರ. ಕೊಬ್ಬು ಧಾರಾಳವಾಗಿದ್ದರೂ ಅದು ನಿಧಾನವಾಗಿ ಉರಿಯುವ ಸೌದೆ. ರಕ್ತದ ಸಕ್ಕರೆ ಇಳಿದಾಗ ಕಾಲಿಗಿಂತ ಮೊದಲು ಮಿದುಳು ತಕರಾರು ತೆಗೆಯುತ್ತದೆ. ನಿಮಗೆ ಬಂದ ಅಳು ಅದೇ, ನಾಚಿಕೆ ಬೇಡ. (ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಾಗಿದ್ದರೆ ಮುಂದಿನದನ್ನು ಓದುವ ಮೊದಲು ವೈದ್ಯರನ್ನು ಕಾಣಿ.)

ಸೈಕಲ್ ಮೇಲೆ ಹಸಿವನ್ನು ನಂಬಬಾರದು, ಗಡಿಯಾರವನ್ನು ನಂಬಬೇಕು. ಹೊರಟ ಮುಕ್ಕಾಲು ಗಂಟೆಯಿಂದಲೇ ಶುರುಮಾಡಿ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಲಿ. ದೊಡ್ಡದೊಂದು ಪಚ್ಚಬಾಳೆಯಲ್ಲಿ 25 ಗ್ರಾಂ ಆಸುಪಾಸು ಸಿಗುತ್ತದೆ. ಸಣ್ಣ ಏಲಕ್ಕಿ ಬಾಳೆಯಾದರೆ ಎರಡು ಬೇಕು. ಖರ್ಜೂರದ ಬೀಜವನ್ನು ಮನೆಯಲ್ಲೇ ತೆಗೆದು ಹ್ಯಾಂಡಲ್ ಚೀಲದಲ್ಲಿಡಿ. ಚಿಕ್ಕಿಯ ಪ್ಲಾಸ್ಟಿಕ್ ಬಿಚ್ಚಿ, ತುಂಡು ಮಾಡಿ ಡಬ್ಬಿಗೆ ಹಾಕಿ. ಬೆವರಿದ ಒಂದೇ ಕೈಯಲ್ಲಿ ಅದನ್ನು ಬಿಚ್ಚಲು ಹೆಣಗುವಷ್ಟರಲ್ಲಿ ‘ಮುಂದಿನ ಊರಲ್ಲಿ ತಿಂದರಾಯಿತು’ ಎನಿಸುತ್ತದೆ, ಆ ಮುಂದಿನ ಊರು ಬರುವುದೇ ಇಲ್ಲ. ದೊಡ್ಡ ನಿಲುಗಡೆಗೆ ಇಡ್ಲಿಯಷ್ಟು ಒಳ್ಳೆಯ ಗೆಳೆಯ ಬೇರೆ ಇಲ್ಲ. ಬನ್ಸ್, ಗೋಳಿಬಜೆ ನನಗೂ ಪ್ರಾಣ. ಆದರೆ ಎಣ್ಣೆಯ ತಿಂಡಿ ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಅವು ಸಂಜೆಗಿರಲಿ. ಪ್ರೋಟೀನ್ ಪುಡಿಯ ದುಡ್ಡು ಉಳಿಸಿ. ರಾತ್ರಿ ಬೇಳೆ, ಮೊಟ್ಟೆ ಅಥವಾ ಮೀನು ಸಾಕು.

ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಪೆಡಲ್‌ಗೆ ಕೆಲಸವಿಲ್ಲ, ಆದ್ದರಿಂದ ಊಟದ ನೆನಪೂ ಇರುವುದಿಲ್ಲ. ದಣಿಯುವುದು ಬ್ರೇಕ್ ಹಿಡಿದ ಬೆರಳುಗಳು. ಮೇಲೆಯೇ ತಿಂದು ಇಳಿಯಿರಿ, ಸೋಮೇಶ್ವರದಲ್ಲಿ ನಿಂತು ನೀರು ಕುಡಿಯಿರಿ. ಮಲೆನಾಡಿನ ತಂಪು ಅಲ್ಲಿಗೆ ಮುಗಿಯಿತು. ಅಕ್ಟೋಬರಿನ ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಅಂಗಿಯ ಬೆನ್ನ ಮೇಲೆ ಬಿಳಿ ಗೆರೆಗಳು ಮೂಡಿದರೆ ಬರೀ ನೀರು ಕುಡಿಯುತ್ತಲೇ ಇರಬೇಡಿ. ರಕ್ತದಲ್ಲಿ ಸೋಡಿಯಂ ತೆಳುವಾದರೆ ಅದೂ ಅಪಾಯವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕುಡಿಯಿರಿ, ಆದರೆ ಉಪ್ಪು ಹಾಕಿದ ಮಜ್ಜಿಗೆಯನ್ನು ಬಿಡಬೇಡಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರಿಗೆಂದು ಅಳೆದು ಮಾಡಿದ್ದು. ಅರ್ಧ ಲೀಟರಿನ ಬಾಟಲಿಗೆ ಪೂರ್ತಿ ಸುರಿಯಬೇಡಿ.

ಬಿಸಿಲಿಗೆ ಅನ್ನದ ಮುಖ ನೋಡಲೂ ಬೇಸರವಾದರೆ ರಾಗಿ ಅಂಬಲಿ, ಬಾಳೆಹಣ್ಣು ಹಾಕಿದ ಹಾಲು, ಏನಾದರೂ ಕುಡಿಯುವಂಥದ್ದು ಇರಲಿ. ಸಂಜೆಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಕೇಳಿ. ನೀರು, ಉಪ್ಪು, ಅನ್ನ ಮೂರೂ ಒಂದೇ ಬಟ್ಟಲಲ್ಲಿ ಬರುತ್ತವೆ. ಬೆಲೆ ಬಾಳುವ ಯಾವ ಕ್ರೀಡಾ ಪಾನೀಯಕ್ಕೂ ನಾನು ಅದನ್ನು ಬಿಟ್ಟುಕೊಡಲಾರೆ.

ದಾರಿಯಲ್ಲಿ ಸುಸ್ತಾದರೆ ನೆರಳಲ್ಲಿ ಕೂತು ಸಿಹಿ ತಿಂದು ಇಪ್ಪತ್ತು ನಿಮಿಷ ಕಾಯಿರಿ. ಚೇತರಿಸಿಕೊಂಡರೆ ಅದು ಹೊಟ್ಟೆಯ ಸುಸ್ತು. ಏನೂ ಬದಲಾಗದೆ ಕಣ್ಣು ಎಳೆಯುತ್ತಿದ್ದರೆ ನಿದ್ದೆಯ ಸಾಲ. ಎರಡು ಮೂರು ದಿನದ ಸವಾರಿಯಾದ ಮೇಲೆ ಇದು ಸಾಮಾನ್ಯ, ಯಾವ ತಿಂಡಿಯೂ ಅದನ್ನು ತೀರಿಸುವುದಿಲ್ಲ, ಅಂದಿಗೆ ಸವಾರಿ ನಿಲ್ಲಿಸಿ. ತಲೆಸಿಡಿತ, ವಾಕರಿಕೆಯ ಜೊತೆ ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ. ಮೈಗೆ ನೀರು ಸುರಿದುಕೊಳ್ಳಿ, ಹತ್ತಿರ ಇದ್ದವರನ್ನು ಕೂಗಿ 108ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಸವಾರರು ರಾತ್ರಿಯಿಡೀ ಸೈಕಲ್ ತುಳಿಯುತ್ತಾರೆ. ಲಾಡ್ಜ್ ಖರ್ಚು ಉಳಿಸಲು ನಾನೂ ಕುಮಟಾದಿಂದ ಮಂಗಳೂರಿಗೆ ಒಬ್ಬನೇ ರಾತ್ರಿ ಹೋಗಬಹುದೇ?
– ಪದವಿ ವಿದ್ಯಾರ್ಥಿ, ಕುಮಟಾ

ಉತ್ತರ: ಬೇಡ ತಮ್ಮಾ. ಬ್ರೆವೆಯಲ್ಲಿ 300 ಕಿ.ಮೀ.ಗೆ 20 ಗಂಟೆ, 600ಕ್ಕೆ 40 ಗಂಟೆ ಗಡುವು ನಿಜ. ಆದರೆ ಅಲ್ಲಿ ದೀಪ, ಹೊಳೆಯುವ ಅಂಗಿ ಕಡ್ಡಾಯ, ದಾರಿಯಲ್ಲಿ ತಪಾಸಣೆ ಠಾಣೆಗಳಿರುತ್ತವೆ, ಹಿಂದೆ ಮುಂದೆ ಜೊತೆಗಾರರಿರುತ್ತಾರೆ. ಹೆದ್ದಾರಿ 66ರಲ್ಲಿ ನಿನ್ನ ಜೊತೆ ಇರುವುದು ಲಾರಿಗಳು. ಒಬ್ಬನೇ ತೂಕಡಿಸಿದರೆ ಎಬ್ಬಿಸುವವರು ಯಾರು? ಬೆಳಗಿನ ಐದೂವರೆಗೆ ಹೊರಡು, ಹನ್ನೊಂದಕ್ಕೆ ನೆರಳು ಸೇರು, ಮೂರೂವರೆಗೆ ಮತ್ತೆ ಏಳು, ಕತ್ತಲಾಗುವ ಮುಂಚೆ ಇಳಿ. ಮಧ್ಯಾಹ್ನ ಚಹಾ ಕುಡಿದ ತಕ್ಷಣ ಇಪ್ಪತ್ತು ನಿಮಿಷ ಮಲಗು, ಎದ್ದಾಗ ಕೆಫೀನ್ ಕೆಲಸ ಶುರುಮಾಡಿರುತ್ತದೆ. ಲಾಡ್ಜ್ ದುಬಾರಿ ಎನಿಸಿದರೆ ಯಾವುದಾದರೂ ದೇವಸ್ಥಾನದ ಛತ್ರದಲ್ಲಿ ಜಾಗ ಇದೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳು. ಸೈಕಲ್ ಒಳಗಿಡಲು ಬಿಡುತ್ತಾರೆಯೇ ಎಂಬುದನ್ನೂ ಆಗಲೇ ವಿಚಾರಿಸು.