ಪರ್ಚ್‌ಗಿಂತ ಮೊದಲು ಬಲೆ ಬಂದಿತ್ತು

ಆತ್ಮೀಯರೇ,

ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ನಿಂಗು ಮೀನಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಕೈಬಿಡುವಂಥದ್ದಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ವರ್ಗೀಕರಣ: ಕಾರ್ಪ್ ಬಳಗ, ಲೇಬಿಯೊ ಕುಲ, 1901ರಲ್ಲಿ ಪ್ರಾಣಿವಿಜ್ಞಾನಿ ಬೌಲೆಂಜರ್ ಇಟ್ಟ ಹೆಸರು, ಹುರುಪೆಗಳ ಎಣಿಕೆ. ನಮ್ಮ ಮಾರುಕಟ್ಟೆಗೆ ಬರುವ ರೋಹುವಿನ ಕುಲದ್ದೇ ಮೀನು ಎಂದರೆ ಓದುಗರಿಗೆ ಸಾಕು. ಬಾಯಿಯ ಬಗ್ಗೆ ಮಾತ್ರ ನೀವು 'ಅಧೋಮುಖ' ಎಂದು ಮುಗಿಸಿಬಿಟ್ಟಿದ್ದೀರಿ. ತಲೆಯ ಅಡಿಯಲ್ಲಿರುವ ಆ ದಪ್ಪ ತುಟಿಯಿಂದಲೇ ಅದು ಕಲ್ಲಿನ ಪಾಚಿಯನ್ನು, ತಳದ ಕೊಳೆತ ಕಸವನ್ನು ಕೆರೆದು ತಿನ್ನುವುದು. ಬರೆಯಬೇಕಾದ್ದು ಅದು.

ನಿಜವಾದ ಕಥೆ ಐದನೇ ಪುಟದಲ್ಲಿ ಅಡಗಿ ಕೂತಿದೆ. ಮಳೆ ಹಿಡಿದು ಹೊಳೆ ತುಂಬಿದಾಗ ನಿಂಗು ಸರೋವರ ಬಿಟ್ಟು ನ್ಜೋಯಾ, ಯಾಲಾ, ಕಾಗೇರಾ ನದಿಗಳನ್ನು ಏರುತ್ತದೆ. ನೆರೆ ಹರಡಿದ ಹುಲ್ಲುಬಯಲಲ್ಲಿ ಮೊಟ್ಟೆಯಿಡುತ್ತದೆ. ನೀವು ತೀರ್ಥಹಳ್ಳಿ ಕಡೆಯವರಂತೆ. ಮುಂಗಾರಿನ ಮೊದಲ ನೀರಿಗೆ ಗದ್ದೆ ಹತ್ತುವ ಹತ್ತುಮೀನು ನಿಮಗೆ ಹೊಸದಲ್ಲ. ಹಾಗಿದ್ದೂ ಇಡೀ ವಲಸೆಗೆ ಮೂರೇ ಸಾಲು ಕೊಟ್ಟಿದ್ದೇಕೆ?

ಇನ್ನು ದೊಡ್ಡ ತಪ್ಪು. ನಿಂಗು ಅಳಿವಿನಂಚಿಗೆ ಬಂದದ್ದು ಹೊರಗಿನಿಂದ ತಂದುಬಿಟ್ಟ ದೊಡ್ಡ ಬೇಟೆಗಾರ ಮೀನಾದ ನೈಲ್ ಪರ್ಚ್‌ನಿಂದ ಎಂದು ಬರೆದಿದ್ದೀರಿ. ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಗಿಲ್‌ನೆಟ್ ಬಲೆ, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ, ಆ ಸರೋವರಕ್ಕೆ ಬಂದದ್ದು 1905ರಲ್ಲಿ. ಮುಂದೆ ನದಿಗಳು ಸರೋವರ ಸೇರುವ ಕಡೆಯಲ್ಲೇ ಬಲೆ ಬಿಡತೊಡಗಿದರು. ಮೊಟ್ಟೆ ತುಂಬಿಕೊಂಡು ಮೇಲೆ ಹೊರಟ ಮೀನೇ ಸಿಕ್ಕಿಬಿದ್ದರೆ ಮರಿ ಎಲ್ಲಿಂದ ಬರಬೇಕು? ಪರ್ಚ್ ಅನ್ನು ನೀರಿಗೆ ಬಿಟ್ಟದ್ದು 1950ರ ದಶಕದಲ್ಲಿ, ಅದು ಮಿತಿಮೀರಿ ಹೆಚ್ಚಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ನಿಂಗು ಕುಸಿದು ಎಷ್ಟೋ ಕಾಲವಾಗಿತ್ತು. ಅಲ್ಲಿನ ಸಣ್ಣ ಸಿಕ್ಲಿಡ್ ಮೀನುಗಳ ವಿಷಯದಲ್ಲಿ ಪರ್ಚ್ ಮೇಲಿನ ದೂರು ಸರಿಯೇ. ಎಲ್ಲ ಪಾಪವನ್ನೂ ಅದರ ತಲೆಗೆ ಕಟ್ಟುವುದು ಬರೆಯುವವನಿಗೆ ಸುಲಭ, ಅಷ್ಟೆ.

'ಪ್ರಕೃತಿಯನ್ನು ಉಳಿಸೋಣ ಬನ್ನಿ' ಎಂಬ ಕೊನೆಯ ಪ್ಯಾರಾ ತೆಗೆಯಿರಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಮೀನನ್ನು ಅಳಿವಿನ ಗಂಭೀರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿದೆ ಎಂಬುದು ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. ಆ ಜಾಗದಲ್ಲಿ ಅದನ್ನು ಹಾಕಿ.

ನದಿ ಏರುವ ಮೀನಿನಿಂದಲೇ ಶುರುಮಾಡಿ, ಎಂಟುನೂರು ಪದ ಮೀರದಂತೆ ಬರೆದು ಕಳಿಸಿ. ಚಿತ್ರ ಅಂತರ್ಜಾಲದಿಂದ ಎತ್ತಿದ್ದಾದರೆ ಬೇಡ.

ಇತಿ,
ಸಂಪಾದಕ