ಓವನ್ ಇಲ್ಲದ ಬೆರ್ರಿ ಪದರ ಸಿಹಿ: ನೀರು ಬಿಡದ ಹಾಗೆ ಮಾಡೋದು ಹೇಗೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಬೇಸಿಗೆ ರಜೆ, ಮನೆ ತುಂಬ ನೆಂಟರು ಮಕ್ಕಳು, ಓವನ್ ಇಲ್ಲದೆ ಗ್ಲಾಸಲ್ಲಿ ಪದರ ಪದರವಾಗಿ ಮಾಡೋ ಸ್ಟ್ರಾಬೆರಿ ಸಿಹಿ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಅಕ್ಕಾ ನಮಸ್ತೆ, ನಾವು ಮೂಡಿಗೆರೆ ಹತ್ರ ತೋಟದ ಮನೇಲಿರೋದು. ಅತ್ತೆ ಮಾವಂದು ಮದುವೆಯಾಗಿ 50 ವರ್ಷ ಆಯ್ತು ಅಂತ ಮನೇಲೇ ಇಪ್ಪತ್ತು ಜನ ಸೇರಿದ್ವಿ. ಮೊಬೈಲಲ್ಲಿ ನೋಡ್ಕೊಂಡು ಬಿಸ್ಕೆಟ್ ಪುಡಿ, ಕ್ರೀಮ್, ಸ್ಟ್ರಾಬೆರಿ ಅಂತ ದೊಡ್ಡ ಗಾಜಿನ ಬೌಲಲ್ಲಿ ಬೆಳಗ್ಗೇನೇ ಜೋಡಿಸಿಟ್ಟೆ. ಕ್ರೀಮ್ ಎಷ್ಟು ಬೀಟ್ ಮಾಡಿದ್ರೂ ಉಬ್ಬಲೇ ಇಲ್ಲ, ಕೊನೆಗೆ ಒಡೆದ ಹಾಗಾಯ್ತು. ಊಟ ಆಗಿ ತೆಗೆಯೋ ಹೊತ್ತಿಗೆ ತಳದಲ್ಲಿ ಕೆಂಪು ನೀರು, ಬಿಸ್ಕೆಟೆಲ್ಲ ಅಂಬಲಿ. ಅತ್ತೆ ಏನೂ ಅನ್ಲಿಲ್ಲ, ನನಗೇ ಅಳು ಬಂತು. ಎಲ್ಲಿ ತಪ್ಪಿದೆ?

ಉತ್ತರ: ಅಳಬೇಡಮ್ಮ, ನಿನ್ನ ಕೈಯಲ್ಲಿ ತಪ್ಪಿಲ್ಲ, ಆ ರೆಸಿಪಿ ನಮ್ಮ ಬೇಸಿಗೆಗೆ ಬರೆದಿದ್ದಲ್ಲ ಅಷ್ಟೆ.

ಮೊದಲು ಕ್ರೀಮ್ ವಿಷಯ. ಅಂಗಡೀಲಿ ಫ್ರೆಶ್ ಕ್ರೀಮ್ ಅಂತ ಸಣ್ಣ ಡಬ್ಬಿ ಸಿಗುತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಕೊಬ್ಬು 25 ಪರ್ಸೆಂಟ್ ಆಸುಪಾಸು ಇರುತ್ತೆ, ಉಬ್ಬಿ ನಿಲ್ಲಬೇಕು ಅಂದ್ರೆ ಕಡಿಮೆ ಅಂದ್ರೂ 30, ಚೆನ್ನಾಗಿ ನಿಲ್ಲೋಕೆ 35 ಬೇಕು, ಹಾಗಾಗಿ ಅದನ್ನ ಇಡೀ ದಿನ ಬೀಟ್ ಮಾಡಿದ್ರೂ ಅಷ್ಟೆ. ವಿಪ್ಪಿಂಗ್ ಕ್ರೀಮ್ ಅಂತಲೇ ತಂದಿದ್ರೂ ಅದು ಫ್ರಿಜ್ಜಿಂದ ಆಗ ತಾನೆ ತೆಗೆದಷ್ಟು ತಣ್ಣಗಿರಬೇಕು, ಪಾತ್ರೆ, ಬೀಟರ್ ಕಡ್ಡಿ ಸಮೇತ. ಕೊಬ್ಬು ತಣ್ಣಗಿದ್ದಾಗ ಗಟ್ಟಿ ಇರುತ್ತೆ, ಗಾಳಿ ಗುಳ್ಳೆ ಸುತ್ತ ಕೂತು ಹಿಡ್ಕೊಳ್ಳುತ್ತೆ, ಬೆಚ್ಚಗಾಯ್ತೋ ಕರಗಿ ಒಂದಕ್ಕೊಂದು ಅಂಟಿ ಬೆಣ್ಣೆ ಕಡೆಗೆ ಹೋಗುತ್ತೆ. ಅಜ್ಜಿಯಂದಿರು ಬೆಳಗಿನ ಜಾವ ತಂಪು ಹೊತ್ತಲ್ಲಿ ಮೊಸರು ಕಡೀತಿದ್ರಲ್ಲ, ಬಿಸಿಲೇರಿದ ಮೇಲೆ ಬೆಣ್ಣೆ ಗಟ್ಟಿಯಾಗಿ ಕೂಡಲ್ಲ ಅಂತ, ಅದೇ ಲೆಕ್ಕ ಇಲ್ಲೂ. ಅಡುಗೆಮನೆ ಒಲೆ ಪಕ್ಕ ನಿಂತು ಏಪ್ರಿಲ್ ಮಧ್ಯಾಹ್ನ ಕ್ರೀಮ್ ಉಬ್ಬಿಸೋದು ಅಂದ್ರೆ ಅನುಭವ ಇರೋರಿಗೂ ಕಷ್ಟ.

ಅದಕ್ಕೇ ನಾನು ಹೇಳೋದು, ಕ್ರೀಮ್ ನಂಬ್ಕೊಂಡು ಈ ಸಿಹಿ ಮಾಡಬೇಡಿ, ಮೊಸರು ನಂಬಿ. ಕರೆಂಟ್ ಹೋದ್ರೂ, ಫ್ರಿಜ್ಜು ಹತ್ತು ಸಲ ತೆಗೆದು ಹಾಕಿದ್ರೂ ಕಟ್ಟಿದ ಮೊಸರು ಇಳಿದು ಹೋಗಲ್ಲ. ಇಪ್ಪತ್ತು ಜನಕ್ಕೆ ಕೆನೆ ಇರೋ ಹಾಲಲ್ಲಿ ಹೆಪ್ಪು ಹಾಕಿದ 2 ಲೀಟರ್ ಮೊಸರು ತಗೊಂಡು ಬಿಳಿ ಪಂಚೆ ಬಟ್ಟೇಲಿ ಕಟ್ಟಿ, ಜರಡಿ ಮೇಲಿಟ್ಟು, ಕೆಳಗೊಂದು ಪಾತ್ರೆ ಇಟ್ಟು ರಾತ್ರಿ ಪೂರ್ತಿ ಫ್ರಿಜ್ಜಲ್ಲೇ ಬಿಡು. ಹೊರಗೆ ನಲ್ಲಿಗೆ ನೇತುಹಾಕಬೇಡ, ಬೇಸಿಗೇಲಿ ಬೆಳಗಾಗೋದ್ರೊಳಗೆ ಹುಳಿ ಬಂದಿರುತ್ತೆ. ಬೆಳಗ್ಗೆ 800-900 ಗ್ರಾಂ ಗಟ್ಟಿ ಮೊಸರು ಸಿಗುತ್ತೆ. ಇಳಿದ ನೀರು ಚೆಲ್ಲಬೇಡ, ಚಪಾತಿ ಹಿಟ್ಟು ಕಲಸೋಕೆ ಇದಕ್ಕಿಂತ ಒಳ್ಳೇದಿಲ್ಲ. ಮೊಸರಿಗೆ 200 ಗ್ರಾಂ ಪುಡಿ ಸಕ್ಕರೆ, ನಾಲ್ಕು ಏಲಕ್ಕಿ, ಮತ್ತೆ ಆ ಫ್ರೆಶ್ ಕ್ರೀಮ್ ಡಬ್ಬಿ 200 ಗ್ರಾಂದು, ಬೀಟ್ ಮಾಡೋದೇ ಬೇಡ, ಕಡಗೋಲಲ್ಲೋ ವಿಸ್ಕಲ್ಲೋ ನಯವಾಗೋವರೆಗೆ ಬೆರೆಸಿದ್ರೆ ಸಾಕು. ಶ್ರೀಖಂಡ ತಿಂದಿದ್ರೆ ರುಚಿ ಗೊತ್ತಿರುತ್ತೆ, ಹುಳಿ ಹಣ್ಣಿಗೆ ಕ್ರೀಮಿಗಿಂತ ಇದೇ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನು ಕೆಂಪು ನೀರು. ಸೌತೆಕಾಯಿ ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ರೆ ಏನಾಗುತ್ತೆ? ನೀರು ಬಿಟ್ಕೊಳ್ಳುತ್ತೆ. ಸ್ಟ್ರಾಬೆರಿಗೆ ಸಕ್ಕರೆ ತಾಗಿದ್ರೂ ಅದೇ ಆಗೋದು, ಬೆಳಗ್ಗೆ ಜೋಡಿಸಿಟ್ಟಿದ್ದಕ್ಕೆ ಮಧ್ಯಾಹ್ನದ ತನಕ ಹಣ್ಣಿನ ನೀರೆಲ್ಲ ಇಳಿದು ಬಿಸ್ಕೆಟ್ ಕುಡೀತು. ಆ ನೀರನ್ನ ಮೊದಲೇ ತೆಗೆದುಬಿಡೋದು ದಾರಿ. ಒಂದು ಕೆಜಿ ಹಣ್ಣಲ್ಲಿ ಅರ್ಧ ಹೆಚ್ಚಿ 50 ಗ್ರಾಂ ಸಕ್ಕರೆ ಬೆರೆಸಿ ಅರ್ಧ ಗಂಟೆ ಇಡು, ಜರಡಿಗೆ ಸುರಿದು ರಸ ಸೋಸಿ, ಆ ರಸ ಸಣ್ಣ ಉರೀಲಿ ಒಂದೆಳೆ ಪಾಕಕ್ಕಿಂತ ಸ್ವಲ್ಪ ತೆಳ್ಳಗೆ ಇಳಿಸಿ ಆರಿಸು. ಸೋಸಿದ ಹಣ್ಣು ಮಧ್ಯದ ಪದರಕ್ಕೆ, ಪಾಕ ಬಡಿಸೋವಾಗ ಮೇಲಿಂದ ಒಂದು ಚಮಚ, ಉಳಿದ ಅರ್ಧ ಕೆಜಿ ಸಕ್ಕರೆ ತಾಗಿಸದೆ ಕೊನೇ ಗಳಿಗೇಲಿ ಹೆಚ್ಚಿ ಮೇಲಕ್ಕೆ. ಒಂದು ಮಾತು ಮರೀಬೇಡ, ಹಣ್ಣು ತೊಳೆಯೋವಾಗ ಹಸಿರು ತೊಟ್ಟು ಇರಲಿ, ತೊಟ್ಟು ಕಿತ್ತು ತೊಳೆದ್ರೆ ಆ ತೂತಲ್ಲಿ ನೀರು ಒಳಗೆ ಹೋಗುತ್ತೆ. ತೊಳೆದು, ಬಟ್ಟೆ ಮೇಲೆ ಪೂರ್ತಿ ಒಣಗಿಸಿ, ಆಮೇಲೆ ತೊಟ್ಟು ತೆಗಿ.

ಮಾರಿ ಬಿಸ್ಕೆಟ್ಟೇ ಆಗಬಹುದು, 250 ಗ್ರಾಂ ಪುಡಿಗೆ 100 ಗ್ರಾಂ ಕರಗಿಸಿದ ಬೆಣ್ಣೆ ಹಾಕಿ ಉಜ್ಜು, ಪ್ರತಿ ಹರಳಿಗೂ ಬೆಣ್ಣೆ ಮೆತ್ತಿದ್ರೆ ನೀರು ಒಳಗೆ ಹೋಗೋಕೆ ಬಿಡಲ್ಲ, ಫ್ರಿಜ್ಜಲ್ಲಿ ಗಟ್ಟಿಯೂ ಆಗುತ್ತೆ. ಇಪ್ಪತ್ತು ಗ್ಲಾಸಿಗೆ ತಳಕ್ಕೆ ಒಂದೂವರೆ ಚಮಚ ಒತ್ತಿ, ಅದರ ಮೇಲೆ ಮೊಸರು, ಮೊಸರಿನ ಮೇಲೆ ಹಣ್ಣು, ಮತ್ತೆ ಮೊಸರು. ಹಣ್ಣು ಯಾವತ್ತೂ ಬಿಸ್ಕೆಟ್ ಮೇಲೆ ನೇರ ಕೂರಬಾರದು, ಮಧ್ಯ ಮೊಸರು ಗೋಡೆ ತರ ಇರಲಿ. ದೊಡ್ಡ ಬೌಲ್ ಬದಲು ಸಣ್ಣ ಗ್ಲಾಸಲ್ಲಿ ಮಾಡಿದ್ರೆ ಬಡಿಸೋವಾಗ ಪದರ ಕಲಸಿ ಹೋಗಲ್ಲ, ಅತ್ತೆ ಕೈಗೆ ಒಂದು ಗ್ಲಾಸ್ ಹಾಗೇ ಕೊಡಬಹುದು. ಸ್ಟೀಲ್ ಲೋಟ ಆದ್ರೂ ಪರವಾಗಿಲ್ಲ, ಪದರ ಕಾಣಲ್ಲ, ರುಚಿಗೆ ಕೊರತೆ ಇಲ್ಲ. ಮೊಸರಿನವರೆಗೆ ಹಿಂದಿನ ರಾತ್ರಿನೇ ಜೋಡಿಸಿಡಬಹುದು, ಹಸಿ ಹಣ್ಣು ಮಾತ್ರ ಕೊನೆಗೆ.

ಪ್ರಶ್ನೆ: ಮನೇಲಿ ಜೆಲಾಟಿನ್ ಮುಟ್ಟಲ್ಲ, ಅದಕ್ಕೆ ಮೊಸರು ಗಟ್ಟಿಯಾಗಿ ಕೂರಲಿ ಅಂತ ಚೈನಾ ಗ್ರಾಸ್ ಹಾಕಿದೆ. ಒಂದು ಸಲ ರಬ್ಬರ್ ಆಯ್ತು, ಇನ್ನೊಂದು ಸಲ ಮೊಸರಲ್ಲಿ ಎಳೆ ಎಳೆಯಾಗಿ ಗಂಟು ಕಟ್ತು. (ಸಕಲೇಶಪುರದಿಂದ)

ಉತ್ತರ: ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರೋದು, ಚೈನಾ ಗ್ರಾಸ್ ಸಮುದ್ರದ ಪಾಚಿಯಿಂದ, ಹಾಗಾಗಿ ನೀವು ಆರಿಸ್ಕೊಂಡಿದ್ದು ಸರಿಯಾಗಿದೆ. ಬೇಸಿಗೆಗೂ ಅದೇ ಒಳ್ಳೇದು, ಜೆಲಾಟಿನ್ ಬಾಯಲ್ಲಿ ಕರಗೋ ಶಾಖಕ್ಕೇ ಕರಗುತ್ತೆ, ಚೈನಾ ಗ್ರಾಸ್ ಒಮ್ಮೆ ಕೂತ್ರೆ 85 ಡಿಗ್ರಿ ತನಕ ಅಲ್ಲಾಡಲ್ಲ. ರಬ್ಬರ್ ಆಗಿದ್ದು ಜಾಸ್ತಿ ಹಾಕಿದ್ದಕ್ಕೆ. 10 ಗ್ರಾಂ ಪ್ಯಾಕೆಟ್ ಒಂದು ಲೀಟರಿಗೆ ಹಾಕಿದ್ರೆ ಚಾಕುವಲ್ಲಿ ಕತ್ತರಿಸೋ ಹಾಗಾಗುತ್ತೆ, ಚಮಚಕ್ಕೆ ಮೆತ್ತಗೆ ಬರಬೇಕು ಅಂದ್ರೆ 6 ಗ್ರಾಂ ಸಾಕು.

ಗಂಟು ಕಟ್ಟಿದ್ದು ಫ್ರಿಜ್ಜಿಂದ ತೆಗೆದ ಮೊಸರಿಗೆ ನೇರ ಸುರಿದಿದ್ದಕ್ಕೆ. ಇದು 35-40 ಡಿಗ್ರಿಗೆ ಇಳಿದ ಕೂಡಲೇ ಗಟ್ಟಿಯಾಗೋ ಪದಾರ್ಥ, ತಣ್ಣನೆ ಮೊಸರು ತಾಗಿದ ಕ್ಷಣಕ್ಕೇ ಅಲ್ಲಲ್ಲೇ ಎಳೆಯಾಗುತ್ತೆ. ಮೊಸರನ್ನ ಮೊದಲು ಹೊರಗಿಟ್ಟು ತಣ್ಣಗಿಲ್ಲದ ಹಾಗೆ ಮಾಡ್ಕೊಳ್ಳಿ, ಚೈನಾ ಗ್ರಾಸನ್ನ ಅರ್ಧ ಗಂಟೆ ನೆನೆಸಿ ಬರೀ ನೀರಲ್ಲಿ ಒಂದೂ ಎಳೆ ಕಾಣದ ಹಾಗೆ ಕುದಿಸಿ, ಎರಡು ಸೌಟು ಮೊಸರನ್ನ ಅದಕ್ಕೆ ಬೆರೆಸಿ, ಆಮೇಲೆ ಅದೆಲ್ಲ ವಾಪಸ್ ಮೊಸರಿಗೆ, ಕೈ ಬಿಡದೆ ತಿರುಗಿಸ್ತಾ. ಚೈನಾ ಗ್ರಾಸನ್ನ ನಿಂಬೆ ರಸ ಅಥವಾ ಹುಳಿ ಹಣ್ಣಿನ ರಸದ ಜೊತೆ ಕುದಿಸಬೇಡಿ, ಹುಳಿಯಲ್ಲಿ ಕುದಿದ್ರೆ ಅದರ ಹಿಡಿತ ಹೋಗುತ್ತೆ.

ಪ್ರಶ್ನೆ: ಮೇ ತಿಂಗಳಲ್ಲಿ ಹಾಸನದಲ್ಲಿ ಒಳ್ಳೆ ಸ್ಟ್ರಾಬೆರಿ ಸಿಗ್ತಿಲ್ಲ, ಸಿಕ್ಕಿದ್ರೂ ಬೆಲೆ ಕೇಳೋ ಹಾಗಿಲ್ಲ. ಏನ್ಮಾಡ್ಲಿ?

ಉತ್ತರ: ಮಹಾಬಲೇಶ್ವರದ ಕಡೆಯ ಬೆಳೆ ಚಳಿಗಾಲ ಶುರುವಾದಾಗ ಬಂದು ಬೇಸಿಗೆ ಏರೋ ಹೊತ್ತಿಗೆ ಮುಗಿಯುತ್ತೆ, ಮೇ ತಿಂಗಳಲ್ಲಿ ಹುಡುಕೋದೇ ಬೇಡ. ನಮ್ಮ ಸುತ್ತ ಇರೋದು ನೋಡಿ. ರೇಷ್ಮೆ ಸಾಕೋರ ಹೊಲದ ಬದುವಲ್ಲಿ ಸೊಪ್ಪು ಕತ್ತರಿಸದೆ ಬಿಟ್ಟ ಗಿಡ ಇದ್ರೆ ಉಪ್ಪುನೇರಳೆ ಹಣ್ಣು ಕಪ್ಪಗೆ ಹಣ್ಣಾಗಿರುತ್ತೆ, ಕೇಳಿದ್ರೆ ಕೊಡ್ತಾರೆ. ಅದು ಕಿತ್ತ ದಿನವೇ ಬಳಸಬೇಕು, ಮಾರನೇ ದಿನಕ್ಕೆ ರಸ ಬಿಟ್ಟು ಹುಳಿ ವಾಸನೆ ಬರುತ್ತೆ, ಸಣ್ಣ ತೊಟ್ಟನ್ನ ಕತ್ತರೀಲಿ ಕತ್ತರಿಸಿ, ಎಳೆದ್ರೆ ಹಣ್ಣೇ ಪುಡಿಯಾಗುತ್ತೆ. ಸಿಹಿ ಜಾಸ್ತಿ ಹುಳಿ ಕಡಿಮೆ, ಹಾಗಾಗಿ ಅರ್ಧ ಕೆಜಿಗೆ ಒಂದು ನಿಂಬೆಹಣ್ಣು ಹಿಂಡ್ಲೇಬೇಕು. ಮಲೆನಾಡು ಅಂಚಿನೋರಿಗೆ ಕವಳೆ ಹಣ್ಣೂ ಇದೇ ಹೊತ್ತಿಗೆ ಸಿಗುತ್ತೆ, ಅದರ ಹಾಲು ತುಟಿಗೆ ಅಂಟೋದ್ರಿಂದ ಬೇಯಿಸಿ ಜರಡಿ ಹಿಡಿದು ಗೊಜ್ಜಿನ ತರ ಮಾಡ್ಕೊಳ್ಳಿ. ಮಳೆ ಹಿಡಿಯೋ ಹೊತ್ತಿಗೆ ನೇರಳೆ. ಈ ಮೂರರ ಮುಂದೆ ದೂರದಿಂದ ಬಂದ ಬಾಡಿದ ಸ್ಟ್ರಾಬೆರಿ ಏನೂ ಅಲ್ಲ.

ಫ್ರೋಜನ್ ಹಣ್ಣು ತಂದ್ರೆ ಮಂಜುಗಡ್ಡೆ ಸಮೇತ ಪದರಕ್ಕೆ ಹಾಕಬೇಡಿ, ಕರಗಿದಾಗ ಮೊದಲನೇ ಪತ್ರದ ಕತೆಯೇ ಆಗುತ್ತೆ. ಅರ್ಧ ಕೆಜಿಗೆ 75 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಹಾಕಿ ಕುದಿಸಿ, ಪೂರ್ತಿ ಆರಿದ ಮೇಲೆ ಬಳಸಿ.

ಪ್ರಶ್ನೆ: ಬೇಲೂರಿಂದ ಚಿಕ್ಕಮಗಳೂರಿಗೆ ತಂಗಿ ಮನೆಗೆ ಕಾರಲ್ಲಿ ತಗೊಂಡು ಹೋಗ್ಬೇಕು, ಕೆಡಲ್ವಾ?

ಉತ್ತರ: ಅಷ್ಟು ದೂರಕ್ಕೆ ತೊಂದರೆ ಇಲ್ಲ, ಆದ್ರೆ ಹಾಲು ಮೊಸರಿನ ಸಿಹಿ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ದೊಡ್ಡ ಪಾತ್ರೇಲಿ ಐಸ್ ಹಾಕಿ ಅದರೊಳಗೆ ಮುಚ್ಚಿದ ಡಬ್ಬಿ ಕೂರಿಸಿ, ಸೀಟ್ ಮೇಲಲ್ಲ, ಕಾಲಿಡೋ ಜಾಗದಲ್ಲಿ, ತಿರುವಲ್ಲಿ ಜಾರಲ್ಲ. ಹಣ್ಣು ಬೇರೆ ಡಬ್ಬೀಲಿ ಒಯ್ದು ತಂಗಿ ಮನೇಲೇ ಮೇಲೆ ಹಾಕಿ.

ಪ್ರಶ್ನೆ: ಸ್ಟ್ರಾಬೆರಿ ಬೆರ್ರಿನೇ ಅಲ್ಲ ಅಂತ ಮಗಳು ವಾದ ಮಾಡ್ತಾಳೆ, ನಿಜಾನಾ?

ಉತ್ತರ: ನಿಜ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬಾಳೆ, ದ್ರಾಕ್ಷಿ, ಟೊಮೆಟೊ, ಬದನೆ ಬೆರ್ರಿಗಳು, ಸ್ಟ್ರಾಬೆರಿ ಅಲ್ಲ. ಅದರ ಮೈಮೇಲೆ ಬೀಜದ ತರ ಕಾಣೋದೇ ಅಸಲಿ ಹಣ್ಣುಗಳು, ನಾವು ತಿನ್ನೋ ಕೆಂಪು ಭಾಗ ಹೂವಿನ ಬುಡ ಊದಿಕೊಂಡಿದ್ದು. ಮಗಳಿಗೆ ಶಭಾಷ್ ಹೇಳಿ.

ಪ್ರಶ್ನೆ: ಮಗನಿಗೆ ಹಾಲು ಆಗಲ್ಲ. ಮೊಸರು, ಕ್ರೀಮ್ ಎರಡೂ ಇಲ್ಲದೆ ಆಗುತ್ತಾ? (ಅರಸೀಕೆರೆಯಿಂದ)

ಉತ್ತರ: ಅರಸೀಕೆರೆಯಲ್ಲಿದ್ದು ತೆಂಗಿನಕಾಯಿಗೆ ಯೋಚನೆ ಯಾಕೆ! ಬಲಿತ ಕಾಯಿ ತುರಿದು ಬಿಸಿನೀರಲ್ಲಿ ರುಬ್ಬಿ ಹಿಂಡಿ ಅರ್ಧ ಲೀಟರ್ ಹಾಲು ಮಾಡ್ಕೊಳ್ಳಿ, ಬೆಲ್ಲದ ಪುಡಿ ರುಚಿಗೆ, 3 ಗ್ರಾಂ ಚೈನಾ ಗ್ರಾಸ್ ಬೇರೆ ಸ್ವಲ್ಪ ನೀರಲ್ಲಿ ಕುದಿಸಿ ಬೆಚ್ಚಗಿನ ಕಾಯಿಹಾಲಿಗೆ ಬೆರೆಸಿ, ಕಾಯಿಹಾಲನ್ನ ಕುದಿಸಬೇಡಿ, ಒಡೆಯುತ್ತೆ. ಬಿಸ್ಕೆಟ್ ಪ್ಯಾಕೆಟ್ ಹಿಂದೆ ಓದಿ, ಎಷ್ಟೋ ಬಿಸ್ಕೆಟಲ್ಲಿ ಹಾಲಿನ ಪುಡಿ ಇರುತ್ತೆ. ನಾನಾದ್ರೆ ಹುರಿದ ಅವಲಕ್ಕಿ, ಎಳ್ಳು, ಕೊಬ್ಬರಿ ಒಟ್ಟಿಗೆ ತರಿತರಿ ಪುಡಿ ಮಾಡಿ ಬೆಣ್ಣೆ ಬದಲು ಕೊಬ್ಬರಿ ಎಣ್ಣೆ ಹಾಕಿ ತಳಕ್ಕೆ ಒತ್ತುತ್ತೀನಿ, ಅದು 24 ಡಿಗ್ರಿಗಿಂತ ಕೆಳಗೆ ತಾನೇ ಗಟ್ಟಿಯಾಗೋದ್ರಿಂದ ಫ್ರಿಜ್ಜಲ್ಲಿ ಚೆನ್ನಾಗಿ ಕೂರುತ್ತೆ. ಮೇಲೆ ಉಪ್ಪುನೇರಳೆ ಹಾಕೋದಾದ್ರೆ ಹಣ್ಣಿಗೆ ಮೊದಲೇ ನಿಂಬೆ ಹಿಂಡಿ, ಇಲ್ಲ ಅಂದ್ರೆ ಕಾಯಿಹಾಲು ತಾಗಿದ ಕಡೆ ಆ ಬಣ್ಣ ಬೂದಿ ತಿರುಗುತ್ತೆ. ಎಲ್ಲಾ ಮಕ್ಕಳಿಗೂ ಇದನ್ನೇ ಮಾಡಿ, ಮಗನಿಗೆ ಬೇರೆ ಗ್ಲಾಸ್ ಅಂತ ಇಡೋದು ಬೇಡ.